ಕಾಗದದಲ್ಲಿ ಬಿಟ್ಟ ಜಾಗ

ಕೊಡ ಜಾರುವುದು ಲೋಕದಲ್ಲಿ ಮಹತ್ತ್ವದ ಘಟನೆಯೇನಲ್ಲ. ಆದರೆ ಹೊಳೆನರಸೀಪುರಕ್ಕೆ ನಾನು ಸೊಸೆಯಾಗಿ ಬಂದ ಹೊಸದರಲ್ಲಿ, ಅದು ದಿನಕ್ಕೊಮ್ಮೆ ನನ್ನ ಸೊಂಟದಿಂದ ಜಾರಿ, ಠಣಠಣನೆ ಮೆಟ್ಟಿಲಿಳಿದು ಹೇಮಾವತಿಗೇ ಮರಳುತ್ತಿದ್ದುದು ಬಟ್ಟೆ ಒಗೆಯುವ ಹೆಂಗಸರಿಗೆಲ್ಲ ನಿತ್ಯೋತ್ಸವವಾಗಿತ್ತು.

ತಪ್ಪು ಕೊಡದ್ದಲ್ಲ, ವಿದ್ಯೆಯದು. ಹಾಸನದ ಕಾನ್ವೆಂಟಿನಲ್ಲಿ ಸಿಸ್ಟರ್ ನಮ್ಮ ತಲೆಯ ಮೇಲೆ ದಪ್ಪ ಪುಸ್ತಕವಿಟ್ಟು, ಅದು ಬೀಳದಂತೆ ವರಾಂಡದುದ್ದಕ್ಕೂ ನಡೆಸುತ್ತಿದ್ದರು. ಏಳು ವರ್ಷ ಹಾಗೆ ನಡೆದು ಗರುಡಗಂಬದಂತೆ ನೆಟ್ಟಗಾದ ಬೆನ್ನಿಗೆ, ಕೊಡ ಹೊರಲು ಸೊಂಟ ತುಸು ವಾಲಬೇಕೆಂಬ ಸತ್ಯ ಗೋಚರಿಸಲೇ ಇಲ್ಲ.

“ಇದೇನವ್ವಾ, ನಿನ್ ಸೊಸೆ ನೀರು ತತ್ತಾವ್ಳೋ, ಪೆರೇಡು ಮಾಡ್ತಾವ್ಳೋ?” ಎಂದು ಪಕ್ಕದ ಮನೆಯ ಕೆಂಪಮ್ಮ ಕೆಣಕಿದರೆ ನಮ್ಮತ್ತೆ ಸೋಲುವವರಲ್ಲ. “ನಿನ್ನಂಗೆ ಊರೆಲ್ಲಾ ಸುತ್ತಿದ್ರೆ ಅವಳ ಸೊಂಟಾನೂ ಬಳುಕ್ತಿತ್ತು, ಸುಮ್ಕಿರಮ್ಮಿ!” ಆಮೇಲೆ ನನ್ನತ್ತ ತಿರುಗಿ ಮೆತ್ತಗೆ, “ಒಸಿ ವಾಲ್ಕಳವ್ವಾ. ಕೊಡಕ್ಕೂ ಕೂರಾಕೆ ಜಾಗ ಬೇಡ್ವಾ?”

ಆ ವರ್ಷವೇ ಯುದ್ಧ ಮುಗಿದು ಹಡಗುಗಳು ಮತ್ತೆ ಓಡತೊಡಗಿದವು. ಸಿಸ್ಟರ್ ಮುಂದಿನ ವಾರ ಸ್ವದೇಶಕ್ಕೆ ಹೊರಡುತ್ತಾರೆ, ಇನ್ನು ಮರಳುವುದಿಲ್ಲ ಎಂದು ಚನ್ನರಾಯಪಟ್ಟಣದ ಗೆಳತಿ ಬರೆದಳು. ಈ ಕೊಡದ ಪ್ರಹಸನವನ್ನೆಲ್ಲ ಇಂಗ್ಲಿಷಿನಲ್ಲಿ ಬರೆದು, ಅವರನ್ನೊಮ್ಮೆ ನಗಿಸಿ ಬೀಳ್ಕೊಡಬೇಕೆಂದು ನಾನೂ ಕೂತೆ. ‘ನಾನೀಗ ಬಹಳ’ ಎಂಬಲ್ಲಿ ಲೇಖನಿ ನಿಂತಿತು. ಕ್ಲಮ್ಸಿ ಎನ್ನಲೇ? ಅದು ಕೈಯಿಂದ ಬೀಳಿಸುವವರ ಗುಣ. ನಾನು ಬೀಳಿಸಿದ್ದು ಸೊಂಟದಿಂದ. ಆಕ್ವರ್ಡ್ ಎಂದರೆ ಅತ್ತೆಮನೆಯಲ್ಲಿ ಮುದುಡಿಕೊಂಡಿದ್ದೇನೆಂದು ಮರುಗಿಯಾರು. ಅನ್‌ಗೇನ್ಲಿ ಎಂದೊಡನೆ ಒಂಟೆ ಕಣ್ಣಿಗೆ ಕಟ್ಟುತ್ತದೆ. ಅಷ್ಟು ವಿನಯ ನನಗಿಲ್ಲ. ಸರಿಯಾದ ಪದವಿಲ್ಲದೆ ಸಿಸ್ಟರಿಗೆ ಕಾಗದ ಹಾಕುವುದೆಂದರೆ, ನೀವೇ ಹೇಳಿ, ಸೆರಗು ಸರಿಮಾಡಿಕೊಳ್ಳದೆ ಬೀಗರಿಗೆ ಬಾಗಿಲು ತೆರೆದಂತಲ್ಲವೇ? ಆ ಪದದಷ್ಟು ಜಾಗ ಬಿಟ್ಟು ಉಳಿದುದನ್ನು ಮುಗಿಸಿದೆ. ಒಗ್ಗರಣೆ ಹಾಕುವಾಗಲೂ ಆ ಮೂರು ಪದಗಳನ್ನೂ ನಾಲಗೆಯ ಮೇಲೆ ಹೊರಳಿಸಿದೆ.

“ಅದ್ಯಾವ ಮಂತ್ರವ್ವಾ? ಸಾರು ಉಕ್ತಾ ಅದೆ!” ಎಂದರು ಅತ್ತೆ.

ಐದನೆಯ ದಿನ ಗೆಳತಿಯ ಕಾರ್ಡು ಬಂತು. ಸಿಸ್ಟರ್ ಗೊತ್ತಾಗಿದ್ದ ದಿನಕ್ಕಿಂತ ಎರಡು ದಿನ ಮೊದಲೇ ಹೊರಟುಬಿಟ್ಟಿದ್ದರು. ಅಲ್ಲಿಯ ವಿಳಾಸ ಯಾರಿಗೂ ತಿಳಿಯದು.

ಕಾಗದ ಇನ್ನೂ ನನ್ನ ಪೆಟ್ಟಿಗೆಯಲ್ಲಿ, ರೇಷ್ಮೆ ಸೀರೆಯ ಮಡಿಕೆಯಲ್ಲಿದೆ. ಮೂರರಲ್ಲಿ ಯಾವುದನ್ನಾದರೂ ಬರೆದು ಅಂದೇ ಅಂಚೆಗೆ ಹಾಕಿಬಿಡಬೇಕಿತ್ತು. ತಪ್ಪನ್ನೇ ಬರೆದಿದ್ದರೆ ಇನ್ನೂ ಒಳ್ಳೆಯದಿತ್ತು. ಇಂಗ್ಲಿಷಿನ ತಪ್ಪು ಕಂಡು ಸುಮ್ಮನಿರುವುದು ಅವರಿಂದಾಗದ ಕೆಲಸ. ಹಡಗಿನಲ್ಲಿ ಕುಳಿತಾದರೂ ಕೆಂಪು ಶಾಯಿಯಲ್ಲಿ ತಿದ್ದಿ, ನನಗೆ ಮರಳಿ ಕಳುಹಿಸುತ್ತಿದ್ದರು.