ಮರಿಯ ಎದೆಯ ಸದ್ದು

ಭದ್ರಾವತಿಯಲ್ಲಿರುವ ನನ್ನಣ್ಣ ಕಾರ್ಖಾನೆ ಕೆಲಸ ಬಿಟ್ಟ ಮೇಲೆ ಒಂದು ಕಪ್ಪು ಲ್ಯಾಬ್ರಡಾರ್ ಹೆಣ್ಣುನಾಯಿ ಸಾಕಿದ್ದ. ಅದು ಮೊದಲ ಸಲ ಮರಿ ಹಾಕಿದಾಗ ಒಂದು ಹೆಣ್ಣುಮರಿಯನ್ನು ನನಗೆಂದು ಎತ್ತಿಟ್ಟ. ನಾನು ಮದುವೆಯಾಗದವಳು. ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ, ಹಿಂದಿನ ಕೋಣೆಯಲ್ಲೇ ವಾಸ. "ಮಾತಾಡೋಕೆ ಒಂದು ಜೀವ ಇರ್ಲಿ ಕಣೆ" ಎಂದು ಅಣ್ಣ ಮರಿಯನ್ನು ನನ್ನ ಮಡಿಲಿಗೆ ಹಾಕಿದ. ಬಸ್ಸಿನಲ್ಲಿ ಅದು ಸೆರಗಿನೊಳಗೆ ಮೂತಿ ಹುದುಗಿಸಿ ನಿದ್ದೆ ಹೋಗಿತ್ತು.

ಲಸಿಕೆ ಹಾಕಿಸಲು ವಿನೋಬನಗರದ ಕ್ಲಿನಿಕ್ಕಿಗೆ ಹೋದೆ. ಡಾಕ್ಟರಮ್ಮ ಮರಿಯ ಎದೆಯ ಬಲಗಡೆ ಸ್ಟೆತಸ್ಕೋಪ್ ಇಟ್ಟವರು ಬಹಳ ಹೊತ್ತು ತೆಗೆಯಲಿಲ್ಲ.

"ಎದೇಲಿ ಒಂದು ಸದ್ದಿದೆ ಮೇಡಂ. ಕೆಲವು ಮರಿಗಳಿಗೆ ಬೆಳೀತಾ ಬೆಳೀತಾ ಹೋಗ್ಬಿಡುತ್ತೆ. ನೋಡೋಣ."

ಹೋಗಲಿಲ್ಲ. ಐದು ತಿಂಗಳಾಗುವಷ್ಟರಲ್ಲಿ ಎದೆಯ ಮೇಲೆ ಅಂಗೈ ಇಟ್ಟರೆ ಒಳಗೆ ಜುಮುಜುಮು ನಡುಗುವುದು ನನಗೇ ತಿಳಿಯುತ್ತಿತ್ತು. ಸ್ಕ್ಯಾನ್ ಮಾಡಿಸಿದೆವು. ಡಾಕ್ಟರಮ್ಮ ಚೀಟಿಯ ಹಿಂಬದಿಯಲ್ಲಿ ಹೃದಯದ ಚಿತ್ರ ಬರೆದು ತೋರಿಸಿದರು. ಬಲಭಾಗದ ಎರಡು ಕೋಣೆಗಳ ನಡುವಿನ ಕವಾಟ ಹುಟ್ಟಿನಿಂದಲೇ ಸರಿಯಿಲ್ಲ. ಅದು ಪೂರ್ತಿ ಮುಚ್ಚಿಕೊಳ್ಳದೆ, ಮುಂದೆ ಹೋಗಬೇಕಾದ ರಕ್ತ ಪ್ರತಿ ಬಡಿತಕ್ಕೂ ಒಂದಿಷ್ಟು ಹಿಂದಕ್ಕೆ ನುಗ್ಗುತ್ತದೆ.

"ಆಪರೇಷನ್ ನಮ್ಮ ಕಡೆ ಯಾರೂ ಮಾಡಲ್ಲ. ಮಾತ್ರೇಲಿ ಒಂದಷ್ಟು ದಿನ ತಳ್ಳಬಹುದು" ಎಂದರು. "ಈ ಜಾತಿ ನಾಯಿಗಳಲ್ಲಿ ಇದು ವಂಶದಿಂದ ಬರೋದುಂಟು. ತಾಯಿಗೆ ಇನ್ನು ಮರಿ ಹಾಕಿಸಬೇಡಿ ಅಂತ ನಿಮ್ಮಣ್ಣಂಗೆ ಹೇಳಿ."

ಅಂದೇ ಫೋನ್ ಮಾಡಿ ಹೇಳಿದೆ. ಅಣ್ಣ ಕೆಂಡವಾದ.

"ಉಳಿದ ಮರಿಗಳೆಲ್ಲ ಗುಂಡುಕಲ್ಲಿನ ಹಾಗಿದಾವೆ. ನಿನ್ನ ಮರಿಗೆ ಏನೋ ಆದ್ರೆ ನನ್ನ ನಾಯಿ ಮೇಲ್ಯಾಕೆ ಹಾಕ್ತೀಯ?"

"ಡಾಕ್ಟ್ರು ಹೇಳಿದ್ದನ್ನ ಹೇಳ್ದೆ ಅಷ್ಟೇ ಕಣೋ."

ಅವನು ಫೋನ್ ಇಟ್ಟುಬಿಟ್ಟ. ನನಗೂ ಸಿಟ್ಟು ಬಂತು. ಬೇಕಿದ್ದರೆ ಅವನೇ ಫೋನ್ ಮಾಡಲಿ ಎಂದು ಸುಮ್ಮನಾದೆ. ಆರು ತಿಂಗಳು ಇಬ್ಬರೂ ಮಾತಾಡಲಿಲ್ಲ.

ಅಷ್ಟರಲ್ಲಿ ಮರಿಯ ಬೆನ್ನು ಬಡಕಲಾಗಿ ಹೊಟ್ಟೆ ಮಾತ್ರ ಉಬ್ಬತೊಡಗಿತು. ರವಿಕೆ ಒಯ್ಯಲು ಆಯನೂರಿನಿಂದ ಬಂದ ಹೆಂಗಸೊಬ್ಬಳು, "ಏನ್ ಹಾಕಿ ಸಾಕ್ತೀಯೆ ಮಾರಾಯ್ತಿ, ಎಷ್ಟು ಚೆನ್ನಾಗಿ ತುಂಬ್ಕೊಂಡಿದೆ!" ಎಂದಳು. ಅದು ತಿಂದ ಅನ್ನವಲ್ಲ, ನೀರು. ಹೃದಯ ತಳ್ಳಲಾರದೆ ಹಿಂದೆ ನಿಂತದ್ದು ಹೊಟ್ಟೆಯಲ್ಲಿ ಸೇರುತ್ತಿತ್ತು. ಎರಡು ಮೂರು ವಾರಕ್ಕೊಮ್ಮೆ ಸೂಜಿ ಹಾಕಿ ತೆಗೆಸಬೇಕಿತ್ತು.

ಯುಗಾದಿಗೆ ನಾಲ್ಕು ದಿನವಿರುವಾಗ ಅಣ್ಣ ಅತ್ತಿಗೆಯ ರವಿಕೆ ಬಟ್ಟೆಯನ್ನು ನೆಪ ಮಾಡಿಕೊಂಡು ಅಂಗಡಿಗೆ ಬಂದ. ಅಂದು ನೀರು ತೆಗೆಸುವ ದಿನ. ನಾನು ಜಗಳ ತೆಗೆಯಲಿಲ್ಲ. "ಜೊತೆಗೆ ಬಾ, ಹಿಡ್ಕೊಳ್ಳೋಕೆ ಒಬ್ರು ಬೇಕು" ಎಂದೆ.

ಕ್ಲಿನಿಕ್ಕಿನ ಮೇಜಿನ ಮೇಲೆ ಅವನು ಮರಿಯ ತಲೆಯನ್ನು ಎದೆಗೊತ್ತಿ ಹಿಡಿದುಕೊಂಡ. ಹಳದಿ ನೀರು ಕೊಳವೆಯಲ್ಲಿಳಿದು ಬಾಟಲಿ ತುಂಬಿತು. ಎರಡನೆಯ ಬಾಟಲಿ ಇಟ್ಟಾಗ ಅವನು ಮುಖ ತಿರುಗಿಸಿದ. ಮುಗಿದ ಮೇಲೆ ಡಾಕ್ಟರಮ್ಮನಿಗೆ ಏನನ್ನಿಸಿತೋ, ಸ್ಟೆತಸ್ಕೋಪನ್ನು ಅವನ ಕಿವಿಗೆ ಕೊಟ್ಟರು. ಅವನು ಕಣ್ಣುಮುಚ್ಚಿ ಕೇಳಿದ. ಆಟೋದಲ್ಲಿ ಕೂತ ಮೇಲೆ ಹೇಳಿದ:

"ಅಲ್ಲಿ ತಾಯಿ ಮತ್ತೆ ಗಬ್ಬ ಆಗಿದೆ ಕಣೆ."

ನಾನು ಮರಿಯ ತಲೆಯನ್ನು ಮಡಿಲಿಗೆ ಎಳೆದುಕೊಂಡೆ.

ಹಬ್ಬ ಕಳೆದು ಹತ್ತು ದಿನಕ್ಕೆ ಮರಿ ಸತ್ತಿತು. ಬೆಳಗ್ಗೆ ಅಂಗಡಿಯ ಶಟರ್ ಎತ್ತುವಾಗ ಬಾಲ ಆಡಿಸಿತ್ತು. ಒಂದು ಪೆಟಿಕೋಟು ಹೊಲಿದು ಮುಗಿಸಿ ನೋಡುವಾಗ ಉಸಿರಿರಲಿಲ್ಲ. ಅಣ್ಣ ಬಂದು ಗುಂಡಿ ತೋಡಿದ. ನನಗೆ ಅಳು ಬರಲಿಲ್ಲ, ಅವನೇ ಅತ್ತ.

ತಾಯಿ ಆರು ಮರಿ ಹಾಕಿತು. ಎಲ್ಲವನ್ನೂ ಬುಟ್ಟಿಯಲ್ಲಿಟ್ಟುಕೊಂಡು ಅಣ್ಣ ಅದೇ ಡಾಕ್ಟರಮ್ಮನಲ್ಲಿಗೆ ತಂದ. ಎರಡರ ಎದೆಯಲ್ಲಿ ಸದ್ದಿತ್ತು. ನಾಲ್ಕನ್ನು ಕೊಡುವಾಗ ಮನೆಮನೆಯಲ್ಲೂ ವಿಷಯ ತಿಳಿಸಿ, ಇವಕ್ಕೆ ಮರಿ ಹಾಕಿಸಬೇಡಿ ಎಂದು ಹೇಳಿಯೇ ಕೊಟ್ಟ. ತಾಯಿಗೆ ಮರಿಯಾಗದಂತೆ ಆಪರೇಷನ್ ಮಾಡಿಸಿದ. ಸದ್ದಿದ್ದ ಎರಡನ್ನು ತಾನೇ ಇಟ್ಟುಕೊಂಡ.

ಅದರಲ್ಲೊಂದು ಮಳೆಗಾಲದಲ್ಲೇ ಹೋಯಿತು. ಸುದ್ದಿ ಕೇಳಿ ಭದ್ರಾವತಿಗೆ ಹೋದೆ. ಅಣ್ಣ ಜಗಲಿಯಲ್ಲಿ ಕೂತು ಉಳಿದ ಮರಿಗೆ ಬೆಲ್ಲದಲ್ಲಿ ಮಾತ್ರೆ ಅದುಮಿ ತಿನ್ನಿಸುತ್ತಿದ್ದ.

"ನೀನು ಹೇಳಿದಾಗ್ಲೇ ಕೇಳ್ಬೇಕಿತ್ತು" ಎಂದ.

"ನಾನೂ ಒಂದೇ ಸಲ ಹೇಳಿ ಸುಮ್ನಾಗ್ಬಾರದಿತ್ತು ಕಣೋ. ಬಸ್ ಹತ್ತಿ ಬಂದು ಹೇಳ್ಬೇಕಿತ್ತು."

ಅವನು ಇಲ್ಲವೆನ್ನಲಿಲ್ಲ. ಒಳಗಿನಿಂದ ಅತ್ತಿಗೆ ಕಾಫಿ ತಂದರು. ಮರಿ ಬೆಲ್ಲ ನೆಕ್ಕಿ ಮಾತ್ರೆಯನ್ನು ಮಾತ್ರ ನೆಲಕ್ಕೆ ಉಗುಳಿತು. ಅಣ್ಣ ಅದನ್ನು ಹೆಕ್ಕಿ ಮತ್ತೆ ಅದರ ಬಾಯಿಗೆ ಹಿಡಿದ.