ದೊಡ್ಡಪ್ಪನೂ ರೆಸ್ಟ್ ಕೋಲೂ

ಪೂಲ್ ಆಟದ ಕ್ಯೂ ಕೋಲಿನ ತುದಿಗೆ ತಿಕ್ಕುವ ನೀಲಿ ಸೀಮೆಸುಣ್ಣದ ವಾಸನೆ ಎಲ್ಲಿ ಮೂಗಿಗೆ ಬಡಿದರೂ ಕೊಪ್ಪದ ನಮ್ಮ ಮನೆಯ ಮಹಡಿ ಕಣ್ಣೆದುರು ಬಂದು ನಿಲ್ಲುತ್ತದೆ. ಅಲ್ಲೊಂದು ಪೂಲ್ ಟೇಬಲ್ ಇತ್ತು. ಬಸರೀಕಟ್ಟೆ ಕಡೆಯ ಎಸ್ಟೇಟ್ ಬಂಗಲೆಯೊಂದು ಖಾಲಿಯಾದಾಗ ದೊಡ್ಡಪ್ಪ ಲಾರಿಯಲ್ಲಿ ಹೇರಿಸಿಕೊಂಡು ಬಂದದ್ದು. ಸಂಜೆ ಅಂಗಡಿ ಬಾಗಿಲು ಹಾಕಿ ಬಂದು ಅವರೂ ಅಪ್ಪನೂ ಆಡುತ್ತಿದ್ದರು. ಚೆಂಡಿಗೆ ಚೆಂಡು ತಾಗುವ ಸದ್ದು ಕೇಳುತ್ತ ನಾನು ಅಲ್ಲೇ ಕೂತು ಹೋಂವರ್ಕ್ ಮಾಡುತ್ತಿದ್ದೆ. ಟೇಬಲ್ಲಿನ ಅಡಿಗೆ ಒಂದು ಉದ್ದ ಕೋಲನ್ನು ಸಿಕ್ಕಿಸಿಟ್ಟಿದ್ದರು. ಅದರ ತುದಿಯಲ್ಲಿ ಕತ್ತರಿಯಂತೆ ಅಡ್ಡಹಾಯ್ದ ಹಿತ್ತಾಳೆ. ಬಿಳಿ ಚೆಂಡು ಕೈಗೆಟುಕದಷ್ಟು ದೂರ ನಿಂತರೆ ರೆಸ್ಟ್ ಎನ್ನುವ ಈ ಕೋಲು ಚಾಚಿ, ಅದರ ಮೇಲೆ ಕ್ಯೂ ಇಟ್ಟು ಹೊಡೆಯಬೇಕು. ಬೇಕಾದವರು ಬಾಯಿಬಿಟ್ಟು ಕೇಳಬೇಕು, ಎದುರಾಳಿ ಎತ್ತಿಕೊಡಬೇಕು. ಕೇಳದೆ ಕೊಟ್ಟರೆ ಅವಮಾನ ಮಾಡಿದಂತೆ. ಅದು ಆ ಮಹಡಿಯ ಮರ್ಯಾದೆ. ಎತ್ತರದ ಆಳಾದ ದೊಡ್ಡಪ್ಪ ಅದನ್ನು ಊರುಗೋಲು ಎಂದೇ ಕರೆಯುತ್ತಿದ್ದರು. ನೆಂಟರು ಯಾರಾದರೂ ಕೇಳಿದರೆ "ಎಂತ ಮಾರಾಯ, ಇಷ್ಟು ಬೇಗ ಮುದುಕ ಆದ್ಯಾ?" ಎಂದು ನಗುತ್ತ ಕೊಡುತ್ತಿದ್ದರು. ಆ ನಗುವಿಗೆ ಹೆದರಿಯೋ ಏನೋ, ಕುಳ್ಳಗಿದ್ದ ಅಪ್ಪ ತುದಿಗಾಲಲ್ಲಿ ನಿಂತು ಗುರಿ ತಪ್ಪುತ್ತಿದ್ದರೇ ಹೊರತು ಒಮ್ಮೆಯೂ ಅದನ್ನು ಕೇಳಲಿಲ್ಲ.

ಆಮೇಲೆ ಜೀಪು ಉರುಳಿತು. ನರಸಿಂಹರಾಜಪುರದಿಂದ ಬರುವಾಗ ಅಪ್ಪ ಓಡಿಸುತ್ತಿದ್ದ ಜೀಪು ತಿರುವಿನಲ್ಲಿ ಮಗುಚಿ ದೊಡ್ಡಪ್ಪನ ಸೊಂಟ ಮುರಿಯಿತು. ಅಪ್ಪನಿಗೆ ಒಂದು ಗೀರೂ ಆಗಲಿಲ್ಲ. ದೊಡ್ಡಪ್ಪ ಯಾರ ಮುಂದೆಯೂ ತಮ್ಮನನ್ನು ದೂರಲಿಲ್ಲ. ಆದರೆ ಅಪ್ಪನೊಡನೆ ಮಾತು ಬಿಟ್ಟರು. ಊಟಕ್ಕೆ ಪಕ್ಕಪಕ್ಕ ಕೂತ ಅಣ್ಣತಮ್ಮಂದಿರ ನಡುವೆ ಬಡಿಸುವ ದೊಡ್ಡಮ್ಮನ ಬಳೆಯ ಸದ್ದು ಮಾತ್ರ ಕೇಳುತ್ತಿತ್ತು.

ಒಂದು ಭಾನುವಾರ ದೊಡ್ಡಪ್ಪ ಗೋಡೆ ಹಿಡಿದು ಮಹಡಿ ಹತ್ತಿ ಬಂದು, ಜೀಪು ಉರುಳಿದ ಮೇಲೆ ಮೊದಲ ಸಲ ಅಪ್ಪನೊಡನೆ ಮಾತಾಡಿದರು. "ಬಾ, ಆಡುವ. ನನ್ನ ಕೈಲಿ ಆಗದಿದ್ರೆ ನಾಳೆಯೇ ಈ ಟೇಬಲ್ ಯಾರಿಗಾದ್ರೂ ಕೊಟ್ಟುಬಿಡುವ," ಎಂದರು. ಆಟ ಕೊನೆಯ ಕಪ್ಪು ಚೆಂಡಿನವರೆಗೆ ಬಂತು; ಅದನ್ನು ಪಾಕೆಟ್ಟಿಗೆ ಬೀಳಿಸಿದವರೇ ಗೆದ್ದಂತೆ. ದೊಡ್ಡಪ್ಪನ ಸರದಿಗೆ ಬಿಳಿ ಚೆಂಡು ಟೇಬಲ್ಲಿನ ನಟ್ಟನಡುವೆ ನಿಂತಿತ್ತು. ಅವರು ಬಗ್ಗಿದರು; ನೋವಿಗೆ ತುಟಿ ಬಿಳಿಚಿಕೊಂಡಿತು, ಸೊಂಟ ಅರ್ಧಕ್ಕಿಂತ ಹೆಚ್ಚು ಬಾಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ದೊಡ್ಡಮ್ಮ "ಸಾಕು, ಬನ್ನಿ" ಎಂದರು. "ನೀನು ಸುಮ್ನಿರು," ಎಂದು ದೊಡ್ಡಪ್ಪ ಗದರಿದರು. ಅಪ್ಪನ ಕಣ್ಣು ಟೇಬಲ್ಲಿನ ಅಡಿಯ ರೆಸ್ಟಿನತ್ತ ಹೋಗಿ ಹಿಂದೆ ಬಂತು. ಕೇಳದೆ ಕೊಡುವಂತಿಲ್ಲ, ನೋಡಿಕೊಂಡು ನಿಲ್ಲುವಂತೆಯೂ ಇಲ್ಲ. ದೊಡ್ಡಪ್ಪ ಹೊಡೆದ ಬಿಳಿ ಚೆಂಡು ಗುರಿ ತಪ್ಪಿ ಅಪ್ಪನ ಕಡೆಯ ಅಂಚಿಗೆ ಉರುಳಿತು.

ಅದು ನನ್ನ ಕೈಗೂ ಎಟುಕುವಂತಿತ್ತು. ಅಪ್ಪ ಮಾತ್ರ ಯಾರನ್ನೂ ಕೇಳದೆ ತಾವೇ ಟೇಬಲ್ಲಿನ ಅಡಿಯಿಂದ ರೆಸ್ಟ್ ಎಳೆದು, ಅದರ ಮೇಲೆ ಕ್ಯೂ ಇಟ್ಟು ಹೊಡೆದರು. ಕಪ್ಪು ಬೀಳಲಿಲ್ಲ. ಬಿಳಿ ಚೆಂಡು ಮತ್ತೆ ನಡುವಿಗೆ ಹೋಗಿ ನಿಂತಿತು. "ಬೆನ್ನು ಹಿಡ್ಕೊಂಡಿದೆ ಅಣ್ಣ, ಬಗ್ಗಲಿಕ್ಕೆ ಆಗ್ತಿಲ್ಲ," ಎಂದರು, ಎತ್ತಲೋ ನೋಡುತ್ತ.

ದೊಡ್ಡಪ್ಪ ತಮ್ಮನ ಮುಖವನ್ನೇ ನೋಡುತ್ತಿದ್ದರು. ಸಿಟ್ಟಿಗೆ ಆ ಕೋಲನ್ನು ಮುರಿದೇಬಿಡುತ್ತಾರೆಂದು ನಾನು ಹೆದರಿದೆ.

"ನಂಗೂ ಆಗ್ತಿಲ್ಲ ಮಾರಾಯ," ಎಂದರು. "ಅದನ್ನಿತ್ತ ಕೊಡು."

ಅಪ್ಪ ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಕಪ್ಪು ಚೆಂಡು ಮೂಲೆಯ ಪಾಕೆಟ್ಟಿಗೆ ಬಿತ್ತು. ಯಾರೂ ನಗಲಿಲ್ಲ.

ಆಮೇಲೆ ಎಷ್ಟೋ ವರ್ಷ ಅವರಿಬ್ಬರೂ ಆಡಿದರು. ಅಪ್ಪನ ಬೆನ್ನಿಗೆ ನಿಜಕ್ಕೂ ನೋವಿತ್ತೇ ಎಂದು ದೊಡ್ಡಪ್ಪ ಕೇಳಲಿಲ್ಲ, ಅಪ್ಪ ಹೇಳಲೂ ಇಲ್ಲ. ಈಗ ದೊಡ್ಡಪ್ಪ ಇಲ್ಲ. ರಸ್ತೆ ಅಗಲವಾಗುವಾಗ ಆ ಮನೆಯೂ ಹೋಯಿತು. ಮಹಡಿ ಇದ್ದಷ್ಟು ಎತ್ತರದಲ್ಲಿ ಈಗ ಬರೀ ಆಕಾಶ. ಆ ಜಾಗ ದಾಟುವಾಗ ಅಪ್ಪ ಒಂದು ಗಳಿಗೆ ನಿಲ್ಲುತ್ತಾರೆ. ನಾನೂ ನಿಲ್ಲುತ್ತೇನೆ.