ಬಲಮುರಿ, ಎಡಮುರಿ

ಎಲ್ಲರ ಬಾಯಲ್ಲೂ ಆಕೆ ಕುಂಚದಕ್ಕ. ಕಡಲ ತಳದಿಂದ ಕೊರೆದು ತಂದ ಕೆಸರನ್ನು ತೊಳೆದು, ಸೂಕ್ಷ್ಮದರ್ಶಕದ ಕೆಳಗೆ ಹರಡಿ, ಎಂಜಲು ಮಾಡಿದ ಕುಂಚದ ತುದಿಯಿಂದ ಮರಳಿನ ಕಾಳಿನಷ್ಟು ಚಿಕ್ಕ ಚಿಪ್ಪುಗಳನ್ನು ಆರಿಸುವುದು ಆಕೆಯ ಕೆಲಸ. ಬಲಕ್ಕೆ ಸುತ್ತಿದ್ದು ಬಲಮುರಿ, ಬೆಚ್ಚನೆ ನೀರಿನದು. ಎಡಕ್ಕೆ ಸುತ್ತಿದ್ದು ಎಡಮುರಿ, ತಣ್ಣೀರಿನದು. ಭೂಮಿ ಹಿಂದೊಮ್ಮೆ ಬೆಚ್ಚಗಾದ ಕಾಲದಲ್ಲಿ ಕಡಲ ಪ್ರವಾಹ ದಕ್ಷಿಣದ ಬಿಸಿಯನ್ನು ಉತ್ತರಕ್ಕೆ ಹೊತ್ತು ತರುತ್ತಲೇ ಇತ್ತೋ, ನಡುವೆ ಕೈಕೊಟ್ಟಿತೋ ಎನ್ನುವುದನ್ನು ಆ ಚಿಪ್ಪುಗಳೇ ಹೇಳಬೇಕು. ಆದರೆ ಪ್ರತಿ ಚಿಪ್ಪನ್ನೂ ಬಾಯಿ ಮೇಲೆ ಮಾಡಿ ಮಲಗಿಸಬೇಕು. ಬೋರಲು ಬಿದ್ದರೆ ಬಲಮುರಿಯೂ ಎಡಮುರಿಯಾಗಿ ಕಾಣುತ್ತದೆ.

ಈಗ ಪ್ರಯೋಗಾಲಯದ ಮುಖ್ಯಸ್ಥೆಯಾಗಿರುವ ಮೇಡಂ ಹಿಂದೆ ಕಲಿಯಲು ಬಂದಾಗ, "ಬಾಯಿ ಮೇಲೆ ಮಾಡೇ ತಾಯಿ, ಬೋರಲು ಹಾಕಿದ್ರೆ ಕಡಲೇ ತಣ್ಣಗಾಗತ್ತೆ" ಎಂದು ಗದರಿದವಳು ಅಕ್ಕನೇ. ಅಕ್ಕ ಬೇರ್ಪಡಿಸಿದ್ದನ್ನು ಯಾರೂ ಮತ್ತೆ ನೋಡುತ್ತಿರಲಿಲ್ಲ, ಅಷ್ಟು ನಂಬಿಕೆ.

ಆ ವಾರ ಮೇಡಂ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬೆಚ್ಚನೆ ಕಾಲದ ಪದರದ ನಟ್ಟನಡುವೆ ಅರ್ಧಕ್ಕರ್ಧ ಎಡಮುರಿ ಸಿಕ್ಕಿದ್ದವು. ಪ್ರವಾಹ ಅಲ್ಲಿ ನಿಂತೇ ಹೋಗಿತ್ತು ಎಂದು ಸಭೆಯಲ್ಲಿ ಹೇಳಿಯೂ ಬಂದರು.

ಆ ಎಣಿಕೆ ನಂಬುವಂಥದ್ದಲ್ಲ ಎಂದು ಅಕ್ಕನಿಗೆ ಮಾತ್ರ ಗೊತ್ತಿತ್ತು. ಕಣ್ಣಿಗೆ ಮಂಜು ಕವಿದು ತಿಂಗಳುಗಳಾಗಿದ್ದವು. ಆಪರೇಷನ್ನಿನಿಂದ ಸರಿಹೋಗುವುದಲ್ಲ ಎಂದು ಡಾಕ್ಟರ್ ಕೈಚೆಲ್ಲಿದ್ದರು. ಬಾಯಿ ಯಾವುದು ಬೆನ್ನು ಯಾವುದು ಕಾಣದೆ ಅಂದಾಜಿನಲ್ಲೇ ಮಲಗಿಸಿದ್ದಳು. ಹೇಳಿದರೆ ಕುರ್ಚಿ ಹೋಗುತ್ತದೆ. ಗಂಡ ತೀರಿಕೊಂಡ ಮೇಲೆ ಮನೆಯೆಂದರೆ ನಾಲ್ಕು ಗೋಡೆ, ಬದುಕೆಲ್ಲ ಈ ಕುರ್ಚಿಯಲ್ಲೇ. ಹೇಳದಿದ್ದರೆ ಎಂದೋ ಹರಿದ ಕಡಲಿನ ಮೇಲೆ ಸುಳ್ಳು ಹೊರಿಸಿದಂತೆ.

"ಆ ಎಡಮುರಿಗಳು ಕಡಲಿನವಲ್ಲ ಮೇಡಂ, ನನ್ನ ಕಣ್ಣಿನವು" ಎಂದಳು ಕೊನೆಗೆ, ಬಾಗಿಲಲ್ಲೇ ನಿಂತು.

ಮೇಡಂ ಮುಖ ಸಪ್ಪೆಯಾಯಿತು. ಆ ಚಿಪ್ಪುಗಳ ತಟ್ಟೆ ತಂದು ಅಕ್ಕನ ಕುರ್ಚಿಯಲ್ಲೇ ಕೂತು ಕುಂಚಕ್ಕೆ ಕೈ ಚಾಚಿದರು. ಇಷ್ಟು ವರ್ಷದಲ್ಲಿ ಅಕ್ಕ ತನ್ನ ಕುಂಚವನ್ನು ಯಾರಿಗೂ ಕೊಟ್ಟವಳಲ್ಲ. ಕೊಟ್ಟಳು.

ಸಂಜೆಯ ಹೊತ್ತಿಗೆ ಎಡಮುರಿಯ ಗುಂಪು ಬಹುಪಾಲು ಕರಗಿತ್ತು. ಪ್ರವಾಹ ನಿಂತಿರಲಿಲ್ಲ, ಬಿಸಿ ಹೊತ್ತುಕೊಂಡು ತನ್ನ ಪಾಡಿಗೆ ಹರಿದಿತ್ತು.

"ಮೊದಲೇ ಹೇಳ್ಬಾರ್ದಿತ್ತಾ ಅಕ್ಕ?"

"ಹೇಳಿದ್ರೆ ಇಲ್ಲಿ ಕೂರೋಕೆ ಬಿಡ್ತಿದ್ರಾ?"

ಮೇಡಂ ಕುಂಚವನ್ನು ಎಂಜಲು ಮಾಡಿ ಕೊನೆಯ ಚಿಪ್ಪನ್ನು ಎತ್ತಿದರು. ಅಕ್ಕನಿಗೆ ದುಃಖ ಒತ್ತರಿಸಿ ಬಂತು.

"ಬಾಯಿ ಮೇಲಿದೆಯಾ?"

"ಇದೆ ಅಕ್ಕ."

"ಯಾವ ಮುರಿ?"

"ಬಲಮುರಿ."

"ಬೆಚ್ಚಗಿತ್ತು ಹಾಗಾದ್ರೆ" ಎಂದು ಅಕ್ಕ ಕಣ್ಣೊರೆಸಿಕೊಂಡಳು.